ಭಾವನ ಕೈಯೂ ನಾನು ರಿಪೇರಿ ಮಾಡಿದ ಕ್ಲಚ್ಚೂ

ಮೋಟಾರ್ ಸೈಕಲ್ಲಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಒಂದೇ ಒಂದು. ಅದನ್ನು ಓಡಿಸುವುದು! ಉಳಿದದ್ದೆಲ್ಲ ಗೊತ್ತು ಎಂದೇ ನಾನು ನಂಬಿದ್ದೆ. ನಂಬಲು ಕಾರಣವೂ ಇತ್ತು. ಮಹಾಪೆಯ ಒಂದು ಕಂಪನಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನ ಉದ್ಯೋಗವೇ ರಿಪೇರಿ. ಎಲ್ಲೋ ಯಾರದೋ ಕಂಪ್ಯೂಟರ್ ಕೆಡುತ್ತದೆ, ಅವರು ಫೋನ್ ಮಾಡುತ್ತಾರೆ, ನಾನು ಗಂಭೀರ ಧ್ವನಿಯಲ್ಲಿ "ಒಮ್ಮೆ ಆಫ್ ಮಾಡಿ ಆನ್ ಮಾಡಿ" ಎನ್ನುತ್ತೇನೆ. ಬಹಳ ಸಲ ಸರಿಹೋಗುತ್ತದೆ. ಸರಿಹೋಗದಿದ್ದರೆ ಬೇರೆ ವಿಭಾಗಕ್ಕೆ ಕಳಿಸಿ ಚಹಾ ಕುಡಿಯಲು ಹೋಗುತ್ತೇನೆ. ಇಷ್ಟು ವಿದ್ಯೆ ಇದ್ದವನು ಒಂದು ಬೈಕಿನ ಕ್ಲಚ್ಚನ್ನು ನೋಡಿಕೊಳ್ಳಲಾರನೇ ಎಂದು ನನ್ನನ್ನು ನಾನೇ ಕೇಳಿಕೊಂಡೆ. ನೋಡಿಕೊಳ್ಳಬಲ್ಲ ಎಂದು ನಾನೇ ಉತ್ತರವನ್ನೂ ಕೊಟ್ಟುಕೊಂಡೆ. ಬೇರೆ ಯಾರನ್ನಾದರೂ ಕೇಳಬೇಕಿತ್ತು.

ಬೈಕು ನನ್ನದಲ್ಲ, ಭಾವನದು. ಭಾವ ಎಂದರೆ ನನ್ನ ಲಲಿತಕ್ಕನ ಗಂಡ ಸುಬ್ಬರಾಯರು. ಡೊಂಬಿವಲಿಯಲ್ಲಿ ನಾವೆಲ್ಲ ಒಂದೇ ಬಿಲ್ಡಿಂಗು. ಅವರದು ಎರಡನೇ ಮಾಳಿಗೆ, ನನ್ನದು ಮೂರನೆಯದು. ಮೈಸೂರಿನಿಂದ ಮೊದಲು ಇಲ್ಲಿಗೆ ಬಂದವರು ಅವರು. ಅವರ ಬೆನ್ನು ಹಿಡಿದು ಬಂದವನು ನಾನು. ರಬಾಳೆಯ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಭಾವ ಮೂವತ್ತು ವರ್ಷ ದುಡಿದರು. ಅಷ್ಟೂ ವರ್ಷ ಒಂದು ದಿನವೂ ಲೋಕಲ್ ರೈಲು ಹತ್ತಲಿಲ್ಲ. "ಇನ್ನೊಬ್ಬರ ಕಂಕುಳಲ್ಲಿ ಮೂಗಿಟ್ಕೊಂಡು ಹೋಗೋ ದರ್ದು ನನಗಿಲ್ಲ" ಎನ್ನುತ್ತಾ ಶಿಳ್‌ಫಾಟಾ ರಸ್ತೆಯಲ್ಲಿ ಟ್ರಕ್ಕುಗಳ ನಡುವೆ ಧೂಳು ಕುಡಿದುಕೊಂಡು ಬೈಕಿನಲ್ಲೇ ಹೋಗಿ ಬಂದರು.

ರಿಟೈರ್ ಆದ ಮೇಲೆ ತಮಗೆ ತಾವೇ ಒಂದು ಉಡುಗೊರೆ ಕೊಟ್ಟುಕೊಂಡರು. ಸೆಕೆಂಡ್ ಹ್ಯಾಂಡ್ ಆದರೂ ಭಾರಿ ಮೈಯ ನೀಲಿ ಬೈಕು. ಅದರ ಕ್ಲಚ್ಚಿಗೆ ಮಾಮೂಲಿ ತಂತಿ ಇಲ್ಲ. ಎಡಗಡೆ ಹ್ಯಾಂಡಲಿನ ಮೇಲೆ ಒಂದು ಪುಟ್ಟ ಎಣ್ಣೆ ಬಟ್ಟಲು ಇದೆ. ಕ್ಲಚ್ಚು ಒತ್ತಿದರೆ ಆ ಎಣ್ಣೆ ಕೊಳವೆಯಲ್ಲಿ ಇಳಿದು ಎಂಜಿನ್ನಿನ ಹತ್ತಿರ ತಳ್ಳಬೇಕಾದ್ದನ್ನು ತಳ್ಳುತ್ತದೆ. "ಹೈಡ್ರಾಲಿಕ್ ಕಣೋ ಶ್ರೀಪತಿ! ಬೆಣ್ಣೆ ಒತ್ತಿದ ಹಾಗೆ!" ಎಂದು ಭಾವ ಇಡೀ ಬಿಲ್ಡಿಂಗಿಗೆ ಕೇಳುವಂತೆ ಹೇಳಿದ್ದರು.

ನಾಲ್ಕು ತಿಂಗಳು ಓಡಿಸಿದರು. ಆಮೇಲೆ ಒಂದು ಬೆಳಿಗ್ಗೆ ಕಾಫಿ ಲೋಟ ಎಡಗೈಯಿಂದ ಜಾರಿ ಬಿತ್ತು. ಸ್ಟ್ರೋಕ್. ಎರಡು ತಿಂಗಳಲ್ಲಿ ಮಾತು ಸರಿಹೋಯಿತು, ಕಾಲೂ ಸರಿಹೋಯಿತು. ಎಡಗೈ ಮಾತ್ರ ಮೊದಲಿನಂತಾಗಲಿಲ್ಲ. ಬೆರಳು ಮಡಚುತ್ತಿದ್ದವು, ಬಲವಿರಲಿಲ್ಲ. ಏನನ್ನು ಮುಟ್ಟಿದರೂ ಸರಿಯಾಗಿ ತಿಳಿಯುತ್ತಲೂ ಇರಲಿಲ್ಲ. ಮನೆಗೆ ಬರುತ್ತಿದ್ದ ಫಿಜಿಯೋಥೆರಪಿ ಹುಡುಗಿ "ಹಾ ಬಾಲ್ ದಾಬಾ, ಕಾಕಾ" ಎಂದು ಒತ್ತಲು ಒಂದು ರಬ್ಬರ್ ಚೆಂಡು ಕೊಟ್ಟಳು. "ನಾನೇನು ತೊಟ್ಟಿಲಲ್ಲಿರೋ ಮಗುವಾ?" ಎಂದು ಭಾವ ಅದನ್ನು ಬಲಗೈಯಿಂದ ಕಿಟಕಿಯಾಚೆ ಎಸೆದರು. ಆಮೇಲೆ ತಮ್ಮದೇ ವ್ಯಾಯಾಮ ಕಂಡುಹಿಡಿದರು. ದಿನಾ ಸಂಜೆ ಆರಕ್ಕೆ ಪಾರ್ಕಿಂಗಿಗೆ ಇಳಿದು, ಸ್ಟ್ಯಾಂಡ್ ಹಾಕಿದ ಬೈಕಿನ ಮೇಲೆ ಕುಳಿತು, ಎಡಗೈಯಿಂದ ಕ್ಲಚ್ಚು ಒತ್ತುವುದು. ಪಕ್ಕದಲ್ಲಿ ಅಕ್ಕ ನಿಂತು ಎಣಿಸುವುದು. ಫಿಜಿಯೋ ಹುಡುಗಿ ನಕ್ಕು, "ಪೂರ್ತಿ ಒತ್ತಿ ಇಪ್ಪತ್ತು ಎಣಿಸುವವರೆಗೆ ಹಿಡಿದುಕೊಳ್ಳಿ, ಆಮೇಲೆ ಬೈಕು ಓಡಿಸುವ ಮಾತು ಆಡೋಣ" ಎಂದಿದ್ದಳು. ಅವಳು ಸಮಾಧಾನಕ್ಕೆ ಹೇಳಿದ್ದಿರಬಹುದು. ಭಾವ ಅದನ್ನು ಶಾಸನ ಮಾಡಿಕೊಂಡರು.

ಎಂಟು ತಿಂಗಳಾದರೂ ಕ್ಲಚ್ಚು ಅರ್ಧದವರೆಗಷ್ಟೇ ಬರುತ್ತಿತ್ತು. ಅಕ್ಕ 'ಮೂರು' ಎನ್ನುವಷ್ಟರಲ್ಲಿ ಕೈ ಬಿಟ್ಟುಹೋಗುತ್ತಿತ್ತು. ಭಾವ ಮೆಟ್ಟಿಲು ಹತ್ತುತ್ತಿದ್ದರು. ಹಿಂದೆ ಅಕ್ಕ. ಅದನ್ನು ನೋಡಲಾಗದೆ ನಾನು ಮನೆಯಲ್ಲಿದ್ದ ದಿನವೂ ಆ ಹೊತ್ತಿಗೆ ಬಾಲ್ಕನಿಗೆ ಬರುವುದನ್ನೇ ಬಿಟ್ಟಿದ್ದೆ.

ಹೀಗಿರುವಾಗ ಆಯುಧಪೂಜೆ ಬಂತು. ಬೈಕು ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ತೊಳೆಯುತ್ತಾ ಆ ಎಣ್ಣೆ ಬಟ್ಟಲಿನ ಗಾಜಿನ ಕಿಂಡಿ ನೋಡಿದೆ. ಒಳಗಿನ ಎಣ್ಣೆ ಕಷಾಯದ ಬಣ್ಣಕ್ಕೆ ತಿರುಗಿತ್ತು. ನನ್ನ ತಲೆಯಲ್ಲಿ ದೀಪ ಹೊತ್ತಿತು. ಎಣ್ಣೆ ಹಳೆಯದಾಗಿದೆ, ಅದಕ್ಕೇ ಕ್ಲಚ್ಚು ಬಿಗಿ, ಅದಕ್ಕೇ ಭಾವನ ಕೈ ಸೋಲುತ್ತಿದೆ! ಹೊಸ ಎಣ್ಣೆ ಹಾಕಿದರೆ ಪಾಪ ಅವರಿಗೆ ಎಷ್ಟು ಹಗುರವಾಗುತ್ತದೆ! ಕೂಡಲೇ ಮೂರು ವಿಡಿಯೊ ನೋಡಿದೆ. ಒಂದನ್ನೂ ಪೂರ್ತಿ ನೋಡಲಿಲ್ಲ. ಸ್ಟೇಷನ್ ಹತ್ತಿರದ ಅಂಗಡಿಯಿಂದ ಒಂದು ಬಾಟಲಿ ಬ್ರೇಕ್ ಆಯಿಲ್ ತಂದೆ.

"ರೀ, ಮೆಕ್ಯಾನಿಕ್ ಕರೀಬಾರ್ದಾ?" ಎಂದಳು ನನ್ನ ಹೆಂಡತಿ ಸುಧಾ.

"ಎಣ್ಣೆ ಬದಲಾಯಿಸೋಕೆ ಮೆಕ್ಯಾನಿಕ್ಕಾ? ಬಾಣಲೆ ಎಣ್ಣೆ ಬದಲಾಯಿಸೋಕೆ ನೀನು ಯಾರನ್ನಾದ್ರೂ ಕರೀತೀಯಾ?"

"ನಾನು ಬಾಣಲೆ ಮೇಲೆ ಕೂತ್ಕೊಂಡು ರಬಾಳೆಗೆ ಹೋಗಲ್ಲ."

ಆ ಮಾತಿನಲ್ಲಿ ತೂಕವಿತ್ತು. ಆದರೆ ಹೆಂಡತಿಯ ಮಾತಿನ ತೂಕ ಗಂಡಸಿಗೆ ಗೊತ್ತಾಗುವುದು ಕೆಲಸ ಕೆಟ್ಟ ಮೇಲೆ.

ಎರಡು ಸ್ಕ್ರೂ ಬಿಚ್ಚಿ ಬಟ್ಟಲಿನ ಮುಚ್ಚಳ ತೆಗೆದೆ. ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ಏನೋ ಸಣ್ಣಗೆ ಕೊರೆದಿತ್ತು. ಹಬ್ಬದ ದಿನ ಎಲ್ಲ ಕಡೆ ಗಂಧ ಹಚ್ಚುವಾಗ ಅದರ ಮೇಲೂ ಹಚ್ಚಿಬಿಟ್ಟಿದ್ದೆ, ಹಾಗಾಗಿ ಓದುವ ತೊಂದರೆ ತಪ್ಪಿತ್ತು. ಹಳೆಯ ಎಣ್ಣೆ ಹೀರಲು ಕಿವಿಯ ಡ್ರಾಪರ್ ತರೋಣವೆಂದು ಮೇಲೆ ಹೋದೆ. ಹತ್ತೇ ನಿಮಿಷ. ಕೆಳಗೆ ಬಂದು ನೋಡುತ್ತೇನೆ, ಅಕ್ಕ ಪೂಜೆಯ ತಟ್ಟೆ ಹಿಡಿದು ಸಂತೃಪ್ತಿಯಿಂದ ನಿಂತಿದ್ದಾಳೆ. ಎಣ್ಣೆ ಬಟ್ಟಲಿನೊಳಗೆ ಅರಿಸಿನ, ಕುಂಕುಮ, ನಾಲ್ಕು ಕಾಳು ಅಕ್ಷತೆ. ಅದರ ಮೇಲೆ ಒಂದು ಚೆಂಡುಹೂವಿನ ಎಸಳು ತೇಲುತ್ತಿದೆ!

"ಅಕ್ಕಾ! ಏನೇ ಮಾಡಿದೆ?"

"ಮುಚ್ಚಳ ತೆಗೆದಿಟ್ಟಿದ್ದೆಯಲ್ಲೋ! ಪೂಜೆಗೆ ಅಂತಾನೇ ತೆಗೆದಿದ್ದೀಯ ಅಂದ್ಕೊಂಡೆ. ಎಣ್ಣೆ ಬೇರೆ ಇತ್ತು. ಬತ್ತಿ ತರೋಣ ಅಂತಿದ್ದೆ."

ಬತ್ತಿ ತರುವ ಮೊದಲು ನಾನು ಬಂದದ್ದೇ ಆ ದಿನದ ಏಕೈಕ ಪುಣ್ಯ.

ಅಕ್ಕನನ್ನು ಮೇಲೆ ಕಳಿಸಿ ಶುದ್ಧೀಕರಣಕ್ಕೆ ಕುಳಿತೆ. ಡ್ರಾಪರಿನಿಂದ ಎಣ್ಣೆ ಹೀರಿದೆ, ಎಸಳು ತೆಗೆದೆ, ಅಕ್ಷತೆಯ ಕಾಳುಗಳನ್ನು ಹೆಕ್ಕಿದೆ. ತಳದಲ್ಲಿ ಕುಂಕುಮದ ಕೆಸರು ಉಳಿಯಿತು. ತಳದಲ್ಲಿ ಸೂಜಿ ಮೊನೆಯಷ್ಟು ಒಂದು ತೂತಿತ್ತು. ಕ್ಲಚ್ಚು ನಾಲ್ಕು ಸಲ ಒತ್ತಿದರೆ ಕೆಸರು ತಾನೇ ಹೊರಗೆ ಬರಬಹುದೆಂದು ಒತ್ತಿದೆ. 'ಬುಳುಕ್' ಎಂದಿತು. ಇನ್ನೊಮ್ಮೆ ಒತ್ತಿದೆ. 'ಬುಳುಕ್ ಬುಳುಕ್'. ಖಾಲಿ ಬಟ್ಟಲಿನಿಂದ ಕೊಳವೆಯೊಳಕ್ಕೆ ಎಣ್ಣೆಯ ಬದಲು ಗಾಳಿ ಹೋಯಿತು. ಎಣ್ಣೆಯಾದರೆ ಮುಂದಿದ್ದನ್ನು ತಳ್ಳುತ್ತದೆ. ಗಾಳಿ ತಾನೇ ಮುದುರಿಕೊಂಡು ಸುಮ್ಮನಾಗುತ್ತದೆ. ಗಾಳಿ ಸೇರಿದ ಹೈಡ್ರಾಲಿಕ್ ಕ್ಲಚ್ಚು ಕೈಗೆ ಹೂವಿನಂತೆ ಹಗುರ, ಕೆಲಸಕ್ಕೆ ಸೊನ್ನೆ. ಇದೆಲ್ಲ ನನಗೆ ಆಮೇಲೆ ತಿಳಿಯಿತು. ನನಗೆ ಎಲ್ಲವೂ ಆಮೇಲೆಯೇ ತಿಳಿಯುವುದು.

ಹೊಸ ಎಣ್ಣೆ ಸುರಿದು, ಮುಚ್ಚಳ ಹಾಕಿ, ಕ್ಲಚ್ಚು ಒತ್ತಿ ನೋಡಿದೆ. ಒಂದು ಬೆರಳಿಗೆ ಸರಕ್ಕನೆ ಹ್ಯಾಂಡಲಿಗೆ ಹೋಗಿ ಅಂಟಿತು. ಏನೋ ಎಡವಟ್ಟಾಗಿದೆ, ಭಾವನಿಗೆ ಹೇಳಿ ಮೆಕ್ಯಾನಿಕ್ಕನ್ನು ಕರೆಸೋಣ ಎಂದು ತಿರುಗುವಷ್ಟರಲ್ಲಿ ಭಾವನೇ ಬಂದರು. ಹೊಸ ಪಂಚೆ, ಹಣೆಯಲ್ಲಿ ಕುಂಕುಮ. ಹಿಂದೆ ಅಕ್ಕ, ಸುಧಾ, ಕೆಳಗಿನ ಮನೆಯ ಜೋಶಿ ಕಾಕಾ. ಮಂಗಳಾರತಿ ಆಯಿತು. ನಿಂಬೆಹಣ್ಣು ಇಟ್ಟಾಯಿತು.

"ಹಬ್ಬದ ದಿನ, ಒಂದು ಸಲ ಕೂತ್ಕೋತೀನಿ" ಎಂದು ಭಾವ ಬೈಕು ಹತ್ತಿದರು.

"ಭಾವ, ಒಂದು ನಿಮಿಷ..."

ಅಷ್ಟರಲ್ಲಿ ಅವರು ಒತ್ತಿಯಾಗಿತ್ತು. ಕ್ಲಚ್ಚು ಪೂರ್ತಿ ಬಂತು. ಭಾವ ತಮ್ಮ ಕೈಯನ್ನೇ ನೋಡಿದರು. ಆಮೇಲೆ ಅಕ್ಕನನ್ನು ನೋಡಿದರು. ಅಕ್ಕ ಎಣಿಸತೊಡಗಿದಳು. ಐದಕ್ಕೆ ಅವಳ ಧ್ವನಿ ನಡುಗಿತು. ಹನ್ನೆರಡಕ್ಕೆ ಅಳು ಬಂತು. ಹದಿನೈದರಿಂದ ಮುಂದೆ ಜೋಶಿ ಕಾಕಾ ಮರಾಠಿಯಲ್ಲಿ ಎಣಿಕೆ ವಹಿಸಿಕೊಂಡರು. "ವೀಸ್!" ಎಂದು ಕೂಗಿ ಚಪ್ಪಾಳೆ ಹೊಡೆದರು. "ಅರೆ ವ್ವಾ ಸುಬ್ಬರಾವ್! ಕಮಾಲ್ ಕೇಲೀ!"

ಭಾವ ಅಳುವವರಲ್ಲ. ಅವತ್ತು ಅತ್ತರು. ನಾನು ಬಾಯಿ ತೆರೆದೆ. "ಅಕ್ಕಾ, ಅದು..." ಎನ್ನುವಷ್ಟರಲ್ಲಿ ಅಕ್ಕ ಒಂದು ಹಿಡಿ ಸಜ್ಜಿಗೆಯನ್ನು ನನ್ನ ಬಾಯಿಗೆ ತುರುಕಿದಳು. "ನಿನ್ನ ಕೈಗುಣ ಕಣೋ! ನೀನು ತೊಳೆದು ಎಣ್ಣೆ ಹಾಕಿದ ದಿನವೇ ಆಯ್ತಲ್ಲೋ!" ನಾನು ನುಂಗಿದೆ. ಸಜ್ಜಿಗೆಯನ್ನೂ, ಮಾತನ್ನೂ.

ಮಾರನೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ಸುಧಾಗೆ ಎಲ್ಲ ಹೇಳಿದೆ.

"ಈಗಲೇ ಹೋಗಿ ಹೇಳಿಬಿಡಿ" ಎಂದಳು.

"ಮೊದಲು ಕ್ಲಚ್ಚು ಸರಿಮಾಡ್ತೀನಿ. ಆಮೇಲೆ ಹೇಳ್ತೀನಿ."

"ಸರಿಮಾಡಿದ್ರೆ ನಿಮ್ಮ ಭಾವನ ಕೈಗೆ ಅದು ಮತ್ತೆ ಬರಲ್ಲವಲ್ರೀ!"

ಇಲ್ಲೇ ಇದ್ದದ್ದು ಸಂಕಟ. ಕ್ಲಚ್ಚು ಸರಿಯಾದರೆ ಭಾವನ ಕೈ ಕೆಡುತ್ತದೆ. ಕ್ಲಚ್ಚು ಕೆಟ್ಟಿರುವಷ್ಟು ದಿನ ಭಾವನ ಕೈ ಚೆನ್ನಾಗಿರುತ್ತದೆ. ಇಪ್ಪತ್ತೆರಡು ವರ್ಷದ ನನ್ನ ರಿಪೇರಿ ಜೀವನದಲ್ಲಿ ಇಂಥ ಕೇಸು ಬಂದಿರಲಿಲ್ಲ. ಕಳಿಸೋಣವೆಂದರೆ ಬೇರೆ ವಿಭಾಗವೂ ಇರಲಿಲ್ಲ.

ಬಹಳ ಯೋಚಿಸಿ ಒಂದು ಮಹಾ ಯೋಜನೆ ಸಿದ್ಧಪಡಿಸಿದೆ. ಗಾಳಿಯನ್ನು ಒಮ್ಮೆಗೇ ತೆಗೆಯಬಾರದು. ದಿನಕ್ಕೆ ಇಷ್ಟಿಷ್ಟೇ ತೆಗೆಯಬೇಕು. ಕ್ಲಚ್ಚು ದಿನದಿನಕ್ಕೂ ಚೂರು ಚೂರೇ ಬಿಗಿಯಾಗುತ್ತದೆ, ಹುರುಪಿನಲ್ಲಿರುವ ಭಾವನ ಕೈಯೂ ಅದರ ಜೊತೆ ಚೂರು ಚೂರೇ ಬಲಿಯುತ್ತದೆ, ಕೊನೆಗೆ ಎರಡೂ ಒಂದೇ ದಿನ ಸರಿಹೋಗುತ್ತವೆ! ಯಾರಿಗೂ ಏನೂ ಹೇಳುವ ಅಗತ್ಯವೇ ಬರುವುದಿಲ್ಲ. ಈ ಯೋಜನೆ ನನಗೆ ಎಷ್ಟು ಹಿಡಿಸಿತೆಂದರೆ ಅವತ್ತು ಲೋಕಲ್ಲಿನಲ್ಲಿ ಯಾರೋ ನನ್ನ ಕಾಲು ತುಳಿದರೂ ನಗುತ್ತಾ ನಿಂತಿದ್ದೆ.

ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಮೇಲೆ ಕ್ಲಚ್ಚು ಒತ್ತಿ ಹಿಡಿಯಬೇಕು. ಇನ್ನೊಬ್ಬರು ಕೆಳಗಿನ ಸ್ಕ್ರೂ ಸಡಿಲಿಸಬೇಕು. ಗುಳ್ಳೆ ಹೊರಗೆ ಬಂದ ಕೂಡಲೇ ಸ್ಕ್ರೂ ಬಿಗಿ ಮಾಡಬೇಕು. ಅಲ್ಲಿಯವರೆಗೆ ಮೇಲಿನವರು ಬಿಡಬಾರದು. ಬೆಳಿಗ್ಗೆ ಐದೂವರೆಗೆ ಸುಧಾಳನ್ನು ಕರೆದುಕೊಂಡು ಪಾರ್ಕಿಂಗಿಗೆ ಇಳಿದೆ. ನಾನು ನೆಲದ ಮೇಲೆ ಮಲಗಿದೆ.

"ಒತ್ತು."

"ಒತ್ತಿದೆ."

"ಹಿಡ್ಕೋ. ಬಿಡಬೇಡ."

"ಎಷ್ಟು ಹೊತ್ತು? ಒಲೆ ಮೇಲೆ ಹಾಲಿಟ್ಟು ಬಂದಿದೀನಿ."

"ಹಾಲಿಟ್ಟು ಯಾಕೆ ಬಂದೆ?"

"ಐದು ನಿಮಿಷ ಅಂದ್ರಲ್ಲ!"

ಅಷ್ಟು ಹೇಳಿ ಅವಳು ಕೈ ಬಿಟ್ಟು ಮೇಲಕ್ಕೆ ಓಡಿದಳು. ಸ್ಕ್ರೂ ಬಾಯ್ತೆರೆದೇ ಇತ್ತು. ಹೊರಗೆ ಬಂದ ಗಾಳಿಯ ಎರಡರಷ್ಟು 'ಸುರ್' ಎಂದು ಒಳಗೆ ಹೋಯಿತು. ಹೀಗೆ ಐದು ಬೆಳಿಗ್ಗೆ. ಒಂದು ದಿನ ಹಾಲು, ಒಂದು ದಿನ ಪೇಪರಿನವನು, ಒಂದು ದಿನ ವಾಚ್‌ಮನ್ ಬಂದು "ಸಾಬ್, ಗಿರ್ ಗಯೇ ಕ್ಯಾ?" ಎಂದು ನನ್ನನ್ನು ಎತ್ತಲು ನೋಡಿದ್ದು. ದಿನಾ ಗಾಳಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಮೇಲಾಗಿ ಬಾಟಲಿಯಿಂದ ಚೆಲ್ಲಿದ ಎಣ್ಣೆ ಪೆಟ್ರೋಲ್ ಟ್ಯಾಂಕಿನ ನೀಲಿ ಬಣ್ಣವನ್ನು ಅಂಗೈಯಗಲ ಸುಲಿದು ಹಾಕಿತು. ಆ ಜಾಗಕ್ಕೆ ಒಂದು ಗಣಪತಿ ಸ್ಟಿಕ್ಕರ್ ಅಂಟಿಸಿದೆ. ಭಾವ ನೋಡಿ, "ಒಳ್ಳೇದು ಮಾಡಿದೆ" ಎಂದರು.

ನನ್ನ ರಿಪೇರಿ ಹದಗೆಟ್ಟಷ್ಟೂ ಭಾವ ಗೆಲುವಾದರು. ಇಪ್ಪತ್ತು ಹೋಗಿ ಐವತ್ತಾಯಿತು, ಐವತ್ತು ಹೋಗಿ ನೂರಾಯಿತು. ಅಕ್ಕ ವಿಡಿಯೊ ಮಾಡಿ ಮೈಸೂರಿನ ಎಲ್ಲ ನೆಂಟರಿಗೂ ಕಳಿಸಿದಳು. ಎಂಟು ತಿಂಗಳಲ್ಲಿ ಮೊದಲ ಸಲ ಅವರ ಮನೆಯಿಂದ ಮಸಾಲೆ ಹುರಿಯುವ ವಾಸನೆಯೂ ಜಗಳದ ಸದ್ದೂ ಮೇಲಕ್ಕೆ ಬಂದವು. ಕೇಳಿ ನನಗೆ ಸಂತೋಷವಾಗಬೇಕಿತ್ತು. ಊಟ ಸೇರುತ್ತಿರಲಿಲ್ಲ.

ಶನಿವಾರ ಗಟ್ಟಿ ಮನಸ್ಸು ಮಾಡಿ ಹೇಳಿಯೇ ಬಿಡುತ್ತೇನೆಂದು ಅವರ ಮನೆಗೆ ಹೋದೆ. ಭಾವ ಬಾಗಿಲಲ್ಲೇ ಎದೆಯುಬ್ಬಿಸಿ ನಿಂತರು.

"ನೋಡು ಇಲ್ಲಿ! ನಾನೇ ಹಾಕ್ಕೊಂಡೆ!"

ಅಂಗಿಯ ಗುಂಡಿಗಳು. ಎಂಟು ತಿಂಗಳಿಂದ ಅಕ್ಕ ಹಾಕುತ್ತಿದ್ದಳು. ಅವತ್ತು ಅವರೇ ಹಾಕಿಕೊಂಡಿದ್ದರು. ಒಂದು ಗುಂಡಿ ಪಕ್ಕದ ಕಾಜಕ್ಕೆ ಹೋಗಿ ಅಂಗಿ ಸೊಟ್ಟಗಾಗಿತ್ತು.

"ನಾಳೆ ಬೈಕ್ ತೆಗೀತೀನಿ" ಎಂದರು. "ದೂರ ಬೇಡ. ಬಿಲ್ಡಿಂಗ್ ಸುತ್ತ ಒಂದು ರೌಂಡು. ನೀನು ಏನೋ ಹೇಳೋಕೆ ಬಂದೆಯಲ್ಲ?"

"ಏನಿಲ್ಲ ಭಾವ. ಮೊಸರು ಇದೆಯಾ ಅಂತ."

ಮೊಸರು ತೆಗೆದುಕೊಂಡು ಮೇಲೆ ಬಂದೆ. ನನ್ನಂಥ ಹೇಡಿಗೆ ಒಂದು ಬಟ್ಟಲು ಮೊಸರೇ ಹೆಚ್ಚಾಯಿತು.

ಭಾನುವಾರ ಬೆಳಿಗ್ಗೆ ಕೀಲಿ ಬಚ್ಚಿಡೋಣವೆಂದು ಬೇಗ ಇಳಿದರೆ ಭಾವ ನನಗಿಂತ ಮೊದಲೇ ಹೆಲ್ಮೆಟ್ ಹಾಕಿಕೊಂಡು ಬೈಕಿನ ಮೇಲೆ ಕುಳಿತಿದ್ದರು. ಸ್ಟ್ಯಾಂಡ್ ತೆಗೆದಾಗಿತ್ತು. ಎಂಜಿನ್ ಗುಡುಗುಡು ಎನ್ನುತ್ತಿತ್ತು. ಅಕ್ಕ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದಳು. ಜೋಶಿ ಕಾಕಾ ಮೊಬೈಲ್ ಹಿಡಿದು ನಿಂತಿದ್ದರು. ಕೆಟ್ಟ ಕ್ಲಚ್ಚಿನಲ್ಲಿ ಗೇರು ಹಾಕಿದರೆ ಬೈಕು ನೆಗೆಯುತ್ತದೆಂದು ಅಷ್ಟು ಹೊತ್ತಿಗೆ ನನಗೆ ತಿಳಿದಿತ್ತು. ಓಡಿಹೋಗಿ ಬೈಕಿನ ಮುಂದೆ ನಿಂತೆ.

"ಭಾವ, ಗೇರ್ ಹಾಕ್ಬೇಡಿ! ಅದು ನಿಮ್ಮ ಕೈ ಅಲ್ಲ! ಕ್ಲಚ್ಚು ಕೆಟ್ಟಿದೆ! ನಾನೇ ಕೆಡಿಸಿದ್ದು!"

ಹತ್ತು ದಿನ ನುಂಗಿಕೊಂಡಿದ್ದನ್ನು ಹೇಳಿ ಮುಗಿಸುವಷ್ಟರಲ್ಲಿ ಅವರ ಕಾಲು ಗೇರು ಒತ್ತಿಯಾಗಿತ್ತು. ಬೈಕು ಧಡಕ್ಕನೆ ಎರಡಡಿ ನೆಗೆಯಿತು. ನನ್ನ ಬಲಗಾಲಿನ ಹೆಬ್ಬೆರಳ ಮೇಲೆ ಬಂದು ನಿಂತಿತು. ಎಂಜಿನ್ ಆರಿತು. ಭಾವ ಎರಡೂ ಕಾಲು ಊರಿ ಬೈಕು ಬೀಳದಂತೆ ಹಿಡಿದರು. ಅವರಿಗೆ ಏನೂ ಆಗಲಿಲ್ಲ. ನನ್ನ ಹೆಬ್ಬೆರಳಿನ ಮೂಳೆ ಮುರಿಯಿತು. ಆಗಬೇಕಾದವನಿಗೇ ಆಯಿತು.

ನಾನು ನೆಲದಲ್ಲಿ ಕುಳಿತು ಕೂಗಾಡುತ್ತಿದ್ದರೆ ಭಾವ ಕ್ಲಚ್ಚನ್ನು ಇನ್ನೊಮ್ಮೆ ಒತ್ತಿ ನೋಡಿದರು. ಆಮೇಲೆ ಅಲ್ಲೇ ಬಲಗಡೆಯ ಬ್ರೇಕನ್ನು ಎಡಗೈಯಿಂದ ಒತ್ತಿ ನೋಡಿದರು. ಅದು ಕದಲಲಿಲ್ಲ.

"ಹಾಗಾದ್ರೆ ನಾನು ನೂರು ಎಣಿಸಿದ್ದು?"

"ಅದು ಗಾಳಿ ಭಾವ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೆಲ್ಮೆಟ್ ತೆಗೆದು ಅಕ್ಕನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿದರು. ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಜೋಶಿ ಕಾಕಾ ಮಾತ್ರ ನನ್ನನ್ನು ರಿಕ್ಷಾಕ್ಕೆ ಹತ್ತಿಸಿದರು. ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿದರು.

ಕಲ್ಯಾಣದಿಂದ ಒಬ್ಬ ನಿಜವಾದ ಮೆಕ್ಯಾನಿಕ್ಕನ್ನು ಕರೆಸಿದೆವು. ವಯಸ್ಸಾದ ಮನುಷ್ಯ. ಬಟ್ಟಲು ಬಿಚ್ಚಿ ತಳಕ್ಕೆ ಟಾರ್ಚ್ ಹಾಕಿ ನೋಡಿದ. ಆಮೇಲೆ ವಿನಯದಿಂದ ಕೇಳಿದ: "ಸಾಬ್, ಇಸ್ಕೆ ಅಂದರ್ ಪೂಜಾ ಕಿಸ್ನೇ ಕಿಯಾ?" ಇದರೊಳಗೆ ಪೂಜೆ ಮಾಡಿದವರು ಯಾರು ಎಂದು. ಸೂಜಿ ಮೊನೆಯ ತೂತಿನಲ್ಲಿ ಕುಂಕುಮ ಗಟ್ಟಿಯಾಗಿ ಕೂತಿತ್ತು. ನಾನು ಹಾಕಿದ ಎಣ್ಣೆಯೂ ಈ ಬೈಕಿನದಲ್ಲವಂತೆ. ಒಳಗಿನ ರಬ್ಬರೆಲ್ಲ ಊದಿಕೊಂಡಿತ್ತು. ಯಾವ ಎಣ್ಣೆ ಹಾಕಬೇಕೆಂದು ಮುಚ್ಚಳದ ಮೇಲೇ ಕೊರೆದಿತ್ತು. ಅವನು ಉಗುರಿನಿಂದ ಗಂಧ ಕೆರೆದು ತೋರಿಸಿದ. ಪಾರ್ಟು ಹೊರದೇಶದಿಂದ ಬರಬೇಕು, ತಿಂಗಳುಗಟ್ಟಲೆ ಆಗಬಹುದು ಎಂದು ಹೇಳಿ, ಎಡಗಡೆಯ ಕ್ಲಚ್ಚನ್ನೇ ಕಳಚಿ ಚೀಲಕ್ಕೆ ಹಾಕಿಕೊಂಡು ಹೋದ. ಹೀಗೆ ನಾನು ಭಾವನ ಸುಳ್ಳು ಕ್ಲಚ್ಚನ್ನೂ ಕಳೆದೆ, ನಿಜವಾದ ಕ್ಲಚ್ಚನ್ನೂ ಕಳೆದೆ. ಸಂಜೆ ಆರು ಗಂಟೆಗೆ ಪಾರ್ಕಿಂಗು ಖಾಲಿ ಇರತೊಡಗಿತು. ಭಾವ ಮತ್ತೆ ಅಂಗಿ ಬಿಟ್ಟು ಬನಿಯನ್ನಿನಲ್ಲೇ ಇರುತ್ತಾರೆಂದು ಸುಧಾ ಬಂದು ಹೇಳಿದಳು.

ಹತ್ತು ದಿನವಾದ ಮೇಲೆ ಸಂಜೆ ಫೋನು ಬಂತು. "ಕೆಳಗೆ ಬಾ" ಎಂದು ಭಾವ ಇಟ್ಟುಬಿಟ್ಟರು. ಪ್ಲಾಸ್ಟರ್ ಹಾಕಿದ ಕಾಲೆಳೆದುಕೊಂಡು ಇಳಿದೆ. ಬೈಕಿನ ಪಕ್ಕ ಎರಡು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ಅವರು. ಹಿಂದೆ ಅಕ್ಕ.

"ಕೂತ್ಕೋ. ಕೈ ಕೊಡು."

ಕೊಟ್ಟೆ. ನನ್ನ ನಾಲ್ಕು ಬೆರಳನ್ನು ಎಡಗೈಯಲ್ಲಿ ಹಿಡಿದು ಒತ್ತತೊಡಗಿದರು. ಹಣೆಯ ನರ ಉಬ್ಬಿತು, ದವಡೆ ಬಿಗಿಯಿತು, ಭುಜ ನಡುಗಿತು. ಇದ್ದ ಬಲವನ್ನೆಲ್ಲ ಹಾಕಿದ್ದರು. ನನಗೆ ತಿಳಿದದ್ದು ಅವರ ಅಂಗೈಯ ಬೆವರು ಮಾತ್ರ. ಅಕ್ಕ ಮೂರಕ್ಕೆ ನಿಲ್ಲಿಸಿದಳು.

"ನೋವಾಯ್ತಾ?"

"ಆಯ್ತು ಭಾವ. ಚೆನ್ನಾಗೇ ಆಯ್ತು."

"ಶ್ರೀಪತಿ."

"ಇಲ್ಲ ಭಾವ. ಆಗ್ಲಿಲ್ಲ."

"ಹಾಗೆ ಹೇಳು. ಕ್ಲಚ್ಚು ಸುಳ್ಳು ಹೇಳ್ತು. ನೀನೂ ಹೇಳಿದ್ರೆ ನಾನು ಯಾರನ್ನ ಕೇಳ್ಲಿ?"

ಅಂದಿನಿಂದ ಸಂಜೆ ಆರು ಗಂಟೆಗೆ ನಾನೇ ಕ್ಲಚ್ಚು. ಪ್ಲಾಸ್ಟರ್ ಬಿಚ್ಚಿದ ಮೇಲೆ ಆಫೀಸಿನಲ್ಲಿ ಹಲ್ಲು ಗಿಂಜಿ ಬೆಳಗಿನ ಶಿಫ್ಟು ಹಾಕಿಸಿಕೊಂಡೆ. ಭಾವ ದಿನಾ ಒತ್ತುತ್ತಾರೆ, ದಿನಾ ಕೇಳುತ್ತಾರೆ, ದಿನಾ ನಾನು ಇಲ್ಲ ಎನ್ನುತ್ತೇನೆ. ಯಾರಾದರೂ ನನ್ನ ಕೈ ಹಿಂಡಿ ನೋಯಿಸಲಿ ಎಂದು ಹೀಗೆ ಆಸೆಯಿಂದ ಕಾದು ಕುಳಿತದ್ದು ಬದುಕಿನಲ್ಲೇ ಮೊದಲು. ನಿನ್ನೆ ಕಿರುಬೆರಳಿನಲ್ಲಿ ಚುರುಕ್ ಎಂದಿತು. ಖುಷಿಯಲ್ಲಿ ಕುರ್ಚಿಯಿಂದ ಎದ್ದೇಬಿಟ್ಟೆ.

"ನೋವಾಯ್ತಾ?" ಎಂದರು ಭಾವ. ಅಕ್ಕ ಎಣಿಸುವುದನ್ನು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ನಾನು ಬೆರಳು ನೋಡಿಕೊಂಡೆ.

"ಇಲ್ಲ ಭಾವ" ಎಂದೆ. "ನಿಮ್ಮ ಉಗುರು ಚುಚ್ಚಿತು."